ಪಕ್ಕದ ದೇಶದ ಹೊಗೆಗೆ ಯಾರನ್ನು ಕೇಳೋದು?

"ಹೊಗೆ ಗಡಿ ದಾಟಿ ಬರುತ್ತೆ ಅಂದಮೇಲೆ ದೇಶ ದೇಶಗಳ ಒಪ್ಪಂದದಿಂದ ಏನಾದರೂ ಉಪಯೋಗ ಇದೆಯಾ?" ಅಂತ ಕೇಳಿದ್ದೀರಿ. ಇದೆ. ಆದರೆ ಯಾರ ಹೊಗೆ ಎಷ್ಟು ಅನ್ನೋ ಲೆಕ್ಕ ಎಲ್ಲರ ಮುಂದಿದ್ದರೆ ಮಾತ್ರ.

2013ರ ಜೂನ್‌ನಲ್ಲಿ ನಾನು ಸಿಂಗಪುರದಲ್ಲಿದ್ದೆ. ಅಲ್ಲಿ ಕಿಟಕಿಯಾಚೆ ಬಿದಿರ ಗಳು ಚಾಚಿ ಬಟ್ಟೆ ಒಣಗಿಸ್ತಾರೆ. ಸಂಜೆ ಒಳಗೆ ತಂದ ಅಂಗಿ, ಟವೆಲ್ಲು ಎಲ್ಲಾ ಹಸಿ ಸೌದೆ ಒಲೆ ಪಕ್ಕ ಇಟ್ಟಿದ್ದ ಹಾಗೆ ಕಮಟು ವಾಸನೆ. 21ರಂದು ಮಾಲಿನ್ಯ ಸೂಚ್ಯಂಕ 401 ಮುಟ್ಟಿತು. 300 ದಾಟಿದರೇ ಅಪಾಯಕಾರಿ ಅಂತ ಅಲ್ಲಿನ ಲೆಕ್ಕ. ಎನ್-95 ಮಾಸ್ಕ್ ಯಾವ ಅಂಗಡಿಯಲ್ಲೂ ಇಲ್ಲ. (ಕೋವಿಡ್ ಬಂದಾಗ ನನಗದು ಹೊಸದೇನೂ ಆಗಿರಲಿಲ್ಲ.)

ಹೊಗೆ ಬಂದದ್ದು ಇಂಡೋನೇಷ್ಯಾದ ಸುಮಾತ್ರಾದಿಂದ. ಅಲ್ಲಿ ಸಾವಿರಾರು ವರ್ಷಗಳಿಂದ ಅರೆಕೊಳೆತ ಗಿಡಮರಗಳೇ ಮೀಟರುಗಟ್ಟಲೆ ದಪ್ಪದ ನೆಲವಾಗಿವೆ. ಪೀಟ್ ಅಂತಾರೆ. ನೀರು ನಿಂತಿರೋವರೆಗೆ ಅದಕ್ಕೆ ಬೆಂಕಿ ಹತ್ತಲ್ಲ. ತಾಳೆ ಎಣ್ಣೆ ತೋಟಕ್ಕೆ, ಕಾಗದದ ಮರಕ್ಕೆ ಅಂತ ಕಾಲುವೆ ತೋಡಿ ನೀರು ಬಸಿದರೆ ಒಣಗುತ್ತೆ. ಭತ್ತದ ಹೊಟ್ಟಿನ ರಾಶಿಗೆ ಕಿಡಿ ಬಿದ್ದದ್ದು ನೋಡಿದ್ದೀರಾ? ಮೇಲೆ ನೀರು ಸುರಿದರೂ ಒಳಗೊಳಗೇ ಉರೀತಾ ಇರುತ್ತೆ. ಇದೂ ಹಾಗೇ, ವಾರಗಟ್ಟಲೆ.

ಇದಕ್ಕೆಂದೇ ಆಗ್ನೇಯ ಏಷ್ಯಾದ ಕೂಟವಾದ ಆಸಿಯಾನ್‌ನ ದೇಶಗಳು 2002ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿ, 2003ರಲ್ಲಿ ಜಾರಿಗೂ ತಂದವು. ಹೊಗೆಯ ಮೂಲವಾದ ಇಂಡೋನೇಷ್ಯಾದ ಸಂಸತ್ತು ಒಪ್ಪಿದ್ದು 2014ರಲ್ಲಿ! ಒಪ್ಪಂದದಲ್ಲಿ ದಂಡ ಅನ್ನೋದೇ ಇಲ್ಲ, ಜಗಳ ಬಂದರೆ ಕೂತು ಮಾತಾಡಬೇಕು ಅಷ್ಟೆ. ಬೇಸತ್ತ ಸಿಂಗಪುರ 2014ರಲ್ಲಿ ತನ್ನದೇ ಕಾನೂನು ಮಾಡಿತು: ಹೊರದೇಶದಲ್ಲಿ ಬೆಂಕಿಗೆ ಕಾರಣವಾದ ಕಂಪನಿಗೂ ದಿನಕ್ಕೆ 1 ಲಕ್ಷ ಸಿಂಗಪುರ ಡಾಲರ್‌ವರೆಗೆ ದಂಡ. ಸರಿ, ಉಪಗ್ರಹದಲ್ಲಿ ಬೆಂಕಿ ಕಾಣುತ್ತೆ, ಆ ಜಮೀನು ಯಾರ ಕೈಯಲ್ಲಿದೆ? ಆ ನಕ್ಷೆಯನ್ನು ಹಂಚಿಕೊಳ್ಳೋಕೆ ನಮ್ಮ ಕಾನೂನು ಬಿಡಲ್ಲ ಅಂತು ಇಂಡೋನೇಷ್ಯಾ.

ಯುರೋಪಿನವರು ಗೆದ್ದದ್ದು ಇಲ್ಲೇ. ಗಡಿ ದಾಟೋ ವಾಯುಮಾಲಿನ್ಯದ ಬಗ್ಗೆ 1979ರಲ್ಲಿ ಜಿನೀವಾದಲ್ಲಾದ ಒಪ್ಪಂದದ ಕೆಳಗೆ ಅಳೆಯೋ ಕೇಂದ್ರಗಳ ಒಂದು ಜಾಲವೇ ಇದೆ. ಯಾವ ದೇಶದ ಹೊಗೆಯಲ್ಲಿನ ಗಂಧಕ ಯಾವ ದೇಶದ ಮೇಲೆ ಎಷ್ಟು ಬಿತ್ತು ಅನ್ನೋ ಪಟ್ಟಿ ಎಲ್ಲರಿಗೂ ಸಿಗುತ್ತೆ. 1985ರಲ್ಲಿ ಗಂಧಕವನ್ನು 30% ಇಳಿಸೋಕೆ ಒಪ್ಪಿದಾಗ ಬ್ರಿಟನ್ ಸಹಿ ಹಾಕಲಿಲ್ಲ, ನಿಜ. ಆದರೂ ಪಟ್ಟಿಯಲ್ಲಿ ಅದರ ಹೆಸರು ಬರೋದು ತಪ್ಪಲಿಲ್ಲ.

ನಮ್ಮ ಕಡೆಯೂ ಗಡಿ ದಾಟೋ ವಾಯುಮಾಲಿನ್ಯದ ಬಗ್ಗೆ 1998ರ ಮಾಲೆ ಘೋಷಣೆ ಅಂತ ಒಂದಿದೆ, ಭಾರತ, ಪಾಕಿಸ್ತಾನ ಎರಡೂ ಒಪ್ಪಿದ್ದು. ಆದರೂ ನವೆಂಬರ್ ಬಂತು ಅಂದರೆ ಹೊಗೆ ಎಲ್ಲಿಂದ ಅಂತ ಲಾಹೋರ್‌ನವರು ಪೂರ್ವಕ್ಕೆ ಬೆರಳು ತೋರಿಸ್ತಾರೆ, ದೆಹಲಿಯವರು ಪಶ್ಚಿಮಕ್ಕೆ.