ಹೊಸ ಕಾರಿಗೆ ಕೋಟಿಂಗೋ, ಇನ್ನೊಂದು ಬಕೆಟ್ಟೋ?

ಪ್ರಶ್ನೆ: ಮುಂದಿನ ವಾರ ನಮ್ಮ ಹೊಸ ಕಾರು ಬರುತ್ತಿದೆ, ಕಪ್ಪು ಬಣ್ಣ. ಶೋರೂಮಿನವರು ಕೊಟೇಶನ್ನಿನಲ್ಲಿ ‘ಪೇಂಟ್ ಪ್ರೊಟೆಕ್ಷನ್’ ಅಂತ 18,000 ರೂಪಾಯಿ ಸೇರಿಸಿದ್ದಾರೆ. ಸೆರಾಮಿಕ್ ಕೋಟಿಂಗ್ ಅಂತೆ, ಬಣ್ಣದ ಮೇಲೆ ಹಚ್ಚುವ ದ್ರವವಂತೆ, 3 ವರ್ಷ ವಾರಂಟಿಯಂತೆ. ಬೇಡ ಅಂದರೆ ‘ಡೆಲಿವರಿ ತಡ ಆಗಬಹುದು ಮೇಡಂ’ ಅನ್ನುತ್ತಾರೆ. ಶಾಲೆಯಲ್ಲಿ ನನ್ನ ಕಾರು ನಿಲ್ಲುವುದು ಹಲಸಿನ ಮರದಡಿ. ‘ಇಷ್ಟು ಲಕ್ಷ ಕೊಟ್ಟವರಿಗೆ ಇದೇನು ಮಹಾ’ ಅನ್ನುತ್ತಾರೆ ನಮ್ಮ ಮನೆಯವರು. ಹಾಕಿಸಲೋ, ಬೇಡವೋ?
– ಶಾಲಾ ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಶೋರೂಮಿನಲ್ಲಂತೂ ಬೇಡ ಮೇಡಂ. ನಿಮ್ಮ ಯಜಮಾನರು ಆಡಿದ ಮಾತಿದೆಯಲ್ಲ, ಈ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ನಾನು 22 ವರ್ಷ ಪೇಂಟ್ ಬೂತಿನಲ್ಲಿ ಸ್ಪ್ರೇ ಗನ್ ಹಿಡಿದವನು. ಅದರಲ್ಲಿ ಎರಡು ವರ್ಷ ಒಂದು ಶೋರೂಮಿನ ಸ್ಟಾಕ್‌ಯಾರ್ಡಿನಲ್ಲಿದ್ದೆ. ಆಯುಧಪೂಜೆಯ ಹಿಂದಿನ ದಿನ 11 ಡೆಲಿವರಿ, ಕೋಟಿಂಗ್ ಮಾಡಲು ಇಬ್ಬರು ಹುಡುಗರು. ಟ್ರೇಲರಿನಿಂದ ಇಳಿದ ಕಾರುಗಳ ಮೈತುಂಬ ಧೂಳು. ಎಲ್ಲದಕ್ಕೂ ಒಂದೇ ಬಕೆಟ್, ನಾಲ್ಕನೇ ಕಾರಿನ ಹೊತ್ತಿಗೆ ನೀರು ಚಹಾದ ಬಣ್ಣ. ಉಜ್ಜುವ ಬಟ್ಟೆ ನೆಲಕ್ಕೆ ಬಿತ್ತು. ಹುಡುಗ ಎತ್ತಿಕೊಂಡು ಪ್ಯಾಂಟಿಗೆ ಎರಡು ಸಲ ಬಡಿದು ಮತ್ತೆ ಬಾನೆಟ್ ಉಜ್ಜತೊಡಗಿದ. ಅವನನ್ನು ಬೈದು ಪ್ರಯೋಜನವಿರಲಿಲ್ಲ, ಒಂದು ಕಾರಿಗೆ ಅವನಿಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಸೆರಾಮಿಕ್ ಸರಿಯಾಗಿ ಆಗಬೇಕಾದರೆ ತೊಳೆದು, ಕ್ಲೇ ಹಾಕಿ ಕೊಳೆ ಕಿತ್ತು, ಪಾಲಿಶ್ ಮಾಡಿ, ಜಿಡ್ಡು ಒರೆಸಿ, ಒಂದೊಂದೇ ಭಾಗಕ್ಕೆ ಹಚ್ಚಬೇಕು. ಆಮೇಲೂ ಒಂದು ದಿನವಾದರೂ ನೀರು ತಾಗಬಾರದು. ಅವತ್ತು ಆ ಕಾರುಗಳು ಸಂಜೆಗೇ ಪೂಜೆಗೆ ಹೋದವು. ಒಂದು ಕಪ್ಪು ಕಾರನ್ನು ಬಿಸಿಲಿಗೆ ತಂದಾಗ ನೋಡಿದೆ: ಬಾನೆಟ್ ತುಂಬ ಜೇಡರ ಬಲೆಯಂಥ ಸಣ್ಣ ಗೀರು. ಕಾರು ಕೊಂಡವರು ‘ಏನ್ ಮಿಂಚ್ತದೆ ನೋಡ್ರಿ!’ ಅಂದರು. ನಾನು ಸುಮ್ಮನಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ.

ನಿಮ್ಮ ಕಾರಿಗೆ ಕಾರ್ಖಾನೆಯಲ್ಲೇ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಮೇಲೆ ಗಾಜಿನಂಥ ಕ್ಲಿಯರ್‌ಕೋಟ್ ಬಳಿದು ಒಲೆಯಲ್ಲಿ ಬೇಯಿಸಿರುತ್ತಾರೆ. ಒಟ್ಟು ದಪ್ಪ ಸುಮಾರು 100ರಿಂದ 130 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಅದರಲ್ಲಿ ಕ್ಲಿಯರ್‌ಕೋಟ್ 40ರ ಆಸುಪಾಸು. ಈ ಮೇಲಿನ ಪದರ ನಮ್ಮ ತಲೆಗೂದಲಿಗಿಂತ ತೆಳು. ಪ್ರತಿ ಸಲ ಮೆಷಿನ್ ಪಾಲಿಶ್ ಹೊಡೆದಾಗ ಸವೆಯುವುದು ಈ ಪದರವೇ.

‘9ಎಚ್ ಗಟ್ಟಿ’ ಅಂತಲೂ ಹೇಳಿರುತ್ತಾರೆ. ನೀವು ಟೀಚರ್, ಎಚ್‌ಬಿ ಪೆನ್ಸಿಲ್ ಗೊತ್ತಲ್ಲ; ಇದು ಅದೇ ಪೆನ್ಸಿಲ್ ಲೆಕ್ಕ. 9ಎಚ್ ಪೆನ್ಸಿಲ್ ಗೀರದಿದ್ದರೂ ಒಂದು ಹರಳು ಮರಳು ಗೀರುತ್ತದೆ. ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳುತ್ತೇವಲ್ಲ, ಕೋಟಿಂಗಿನ ಕೆಲಸವೂ ಅಷ್ಟೇ: ಮೇಣ, ಕೆಸರು, ಹಕ್ಕಿಯ ಹಿಕ್ಕೆ ಬೇಗ ಬಿಡುತ್ತವೆ, ನೀರು ಉರುಳಿ ಹೋಗುತ್ತದೆ. ಕತ್ತಿ ತಾಗಿದರೆ ಎಣ್ಣೆ ಕೈ ಕಾಯುವುದಿಲ್ಲ.

ವಾರಂಟಿಯ ಕಥೆಯೂ ಕೇಳಿ. 2019ರಲ್ಲಿ ನನ್ನ ಭಾವನ ಕಾರಿಗೆ, ನಾನು ಬೇಡವೆಂದರೂ, 6,500 ಕೊಟ್ಟು ಟೆಫ್ಲಾನ್ ಅನ್ನುವ ಇನ್ನೊಂದು ಬಗೆಯ ಕೋಟಿಂಗ್ ಹಾಕಿಸಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಟಾಪಿನ ಮೇಲೆ ಕಾಗೆ ಹಿಕ್ಕೆಯ ಕಲೆ ಕೂತಿತು. ಕಾರ್ಡ್ ತಿರುಗಿಸಿ ಓದಿದರೆ, 6 ತಿಂಗಳಿಗೊಮ್ಮೆ ಅವರಲ್ಲೇ ದುಡ್ಡು ಕೊಟ್ಟು ತಪಾಸಣೆ ಮಾಡಿಸಿರಬೇಕು, ಹಿಕ್ಕೆಯನ್ನು 48 ಗಂಟೆಯೊಳಗೆ ತೊಳೆದಿರಬೇಕು! ಅಷ್ಟು ಬೇಗ ತೊಳೆಯುವವನಿಗೆ ಟೆಫ್ಲಾನ್ ಯಾಕೆ?

ಡೆಲಿವರಿ ತಡ ಅನ್ನುವ ಬೆದರಿಕೆಗೆ ಹೆದರಬೇಡಿ. ಒಂದನ್ನು ಕೊಂಡರೆ ಮಾತ್ರ ಇನ್ನೊಂದು ಕೊಡುತ್ತೇವೆ ಅನ್ನುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಅಂತಲೇ ಕರೆಯುತ್ತದೆ. ಆ ಸಾಲು ತೆಗೆದು ಹೊಸ ಕೊಟೇಶನ್ ಬರವಣಿಗೆಯಲ್ಲಿ ಕೊಡಿ ಅನ್ನಿ. ಜಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಅನೇಕ ಸಲ ಆ ನಂಬರು ಹೇಳಿದರೇ ಸಾಕು. ಇನ್ನೊಂದು ಮಾತು, ‘ಪಾಲಿಶ್ ಹೊಡೆಯಬೇಡಿ, ಬರೀ ತೊಳೆದು ಕೊಡಿ’ ಅಂತ ಮೊದಲೇ ಹೇಳಿ. ಕಪ್ಪು ಕಾರಿಗೆ ಇದು ಮುಖ್ಯ.

ಮನೆಯಲ್ಲಿ ಎರಡು ಬಕೆಟ್ ಇಡಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಬಟ್ಟೆ ಜಾಲಿಸಲು. ಮೊದಲು ಪೈಪಿನ ನೀರಿನಲ್ಲಿ ಕೆಸರು ಇಳಿಸಿ, ಆಮೇಲೆ ಬಟ್ಟೆ ಮುಟ್ಟಿಸಿ. ಬಟ್ಟೆ ಮೈಕ್ರೋಫೈಬರಿನದಿರಲಿ, ಹಳೇ ಬನಿಯನ್ ಬೇಡ. ಎರಡು ಮೂರು ತಿಂಗಳಿಗೊಮ್ಮೆ ನೆರಳಿನಲ್ಲಿ ವ್ಯಾಕ್ಸ್ ಹಚ್ಚಿ. ಆದರೂ ಸೆರಾಮಿಕ್ ಬೇಕೆನಿಸಿದರೆ ಕಾರು ಮನೆಗೆ ಬಂದ ಮೇಲೆ, ಎರಡು ದಿನ ಕಾರು ಇಟ್ಟುಕೊಂಡು ಕೆಲಸ ಮಾಡುವ ಡಿಟೇಲಿಂಗ್ ಅಂಗಡಿಗೆ ಕೊಡಿ. ಟಿಪ್ಪರ್ ಲಾರಿಗಳ ಹಿಂದೆ ಓಡಾಟವಿದ್ದರೆ ಬಾನೆಟ್ಟಿನ ಮುಂದಂಚಿಗೆ, ಬಾಗಿಲಿನ ಹಿಡಿಕೆಯ ಗುಳಿಗೆ ಮಾತ್ರ ಪಿಪಿಎಫ್ ಅಂಟಿಸಿಕೊಳ್ಳಿ. 150ರಿಂದ 200 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ಅದು, ಚಿಕ್ಕ ಕಲ್ಲಿನ ಏಟು ತಡೆಯುತ್ತದೆ. ಇಡೀ ಕಾರಿಗೆ ಸುತ್ತಿಸುವ ದುಡ್ಡಿನಲ್ಲಿ ಒಳ್ಳೆಯ ಸ್ಕೂಟರ್ ಬರುತ್ತದೆ.

ಆ ಮರದ ವಿಷಯ ಹೆಡ್‌ಮಾಸ್ಟರ ಹತ್ತಿರ ಮಾತಾಡಿ, ಬೇರೆ ಜಾಗ ಕೇಳಿ. ಶಾಲೆ ಶುರುವಾಗುವ ಹೊತ್ತಿಗೆ ಕೊಂಬೆಯಲ್ಲಿ ಹಣ್ಣು ಇನ್ನೂ ತೂಗುತ್ತಿರುತ್ತದೆ. 10 ಕಿಲೋ ಹಲಸು ಬಾನೆಟ್ ಮೇಲೆ ಬಿದ್ದರೆ ಬೇಕಾಗುವುದು ಡೆಂಟಿಂಗಿನವನ ಸುತ್ತಿಗೆ.