ಎಡ್ವರ್ಡಿಯನ್ ಉಡುಪಿನ ಪ್ಯಾಟರ್ನ್ ಬಿಡಿ, ಮೊದಲು ಕಾರ್ಸೆಟ್ ಹೊಲಿಯಿರಿ

ನಾಟಕಕ್ಕೆ 1905ರ, ಅಂದರೆ ಎಡ್ವರ್ಡಿಯನ್ ಕಾಲದ, ಇಂಗ್ಲಿಷ್ ಹೆಂಗಸಿನ ಉಡುಪು ಹೊಲಿಯಬೇಕು, ಪುಕ್ಕಟೆ ಪ್ಯಾಟರ್ನ್ (ಬಟ್ಟೆ ಕತ್ತರಿಸೋ ನಕ್ಷೆ) ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಾನೂ ಇದನ್ನೇ ಹುಡುಕಿದ್ದೆ. ಹವ್ಯಾಸಿ ತಂಡದ ನಾಟಕ, ನನ್ನದೊಂದು ಚಿಕ್ಕ ಪಾತ್ರ.

ಪ್ಯಾಟರ್ನ್ ಒಂದೇ ಸಂಜೆಗೆ ಸಿಕ್ಕಿತು. ಕೆಟ್ಟಿದ್ದು ಅಳತೆ. ಊರಲ್ಲಿ ಟೈಲರ್‌ಗೆ ಅಳತೆ ಬ್ಲೌಸ್ ಕೊಟ್ಟು ಬಂದು ರೂಢಿ ಅಲ್ವಾ? ಅದೇ ಬ್ಲೌಸನ್ನು ಮಂಚದ ಮೇಲೆ ಹರಡಿ ಎದೆಯ ಅಳತೆ ತೆಗೆದೆ. ಸೊಂಟಕ್ಕೆ ಚೂಡಿದಾರದ ಮೇಲೇ ಟೇಪ್ ಸುತ್ತಿದೆ. ಐದು ಮೀಟರ್ ಒಳ್ಳೇ ಉಣ್ಣೆ ಬಟ್ಟೆ, ಏಳು ಪೀಸಿನ ಸ್ಕರ್ಟ್. ಕತ್ತರಿ ಹಾಕೇಬಿಟ್ಟೆ. ಕಾರ್ಸೆಟ್, ಅಂದರೆ ಒಳಗೆ ಮೈಗೆ ಬಿಗಿದು ಕಟ್ಟೋ ಉಡುಪು, ಆಮೇಲೆ ನೋಡಿಕೊಳ್ಳೋಣ, ಒಳಗಿರೋದು ಯಾರಿಗೆ ಕಾಣುತ್ತೆ ಅಂದುಕೊಂಡೆ.

ಎಡವಿದ್ದು ಅಲ್ಲೇ. ಆಗಿನ ಕಾರ್ಸೆಟ್‌ಗೆ ಮುಂದೆ ನೆಟ್ಟಗಿನ ಗಟ್ಟಿ ಪಟ್ಟಿ ಇರುತ್ತದೆ. ಅದು ಹೊಟ್ಟೆ ಒತ್ತಿ, ಎದೆಯನ್ನು ಮುಂದಕ್ಕೂ ಹಿಂಭಾಗವನ್ನು ಹಿಂದಕ್ಕೂ ದೂಡುತ್ತದೆ. ಪಕ್ಕದಿಂದ ನೋಡಿದರೆ ಥೇಟ್ ಇಂಗ್ಲಿಷಿನ ಎಸ್. ಅದರ ಮೇಲೆ ಹಿಂದೆ ಮೆತ್ತೆ, ಎರಡು ಲಂಗ. ಪ್ರದರ್ಶನಕ್ಕೆ ಐದು ದಿನ ಇದ್ದಾಗ ಇದೆಲ್ಲ ತೊಟ್ಟು ಸ್ಕರ್ಟ್ ಹಾಕಿದೆ. ಸೊಂಟದಲ್ಲಿ ಎರಡು ಇಂಚು ಸಡಿಲ, ಕೆಳಗೆ ಬಿಗಿ. ಮೆತ್ತೆಯಿಂದ ಹಿಂದಿನ ಅಂಚು ನಾಲ್ಕು ಬೆರಳು ಮೇಲೆದ್ದು ಹಿಮ್ಮಡಿ ಕಾಣುತ್ತಿತ್ತು, ಮುಂದಿನದು ನೆಲ ಗುಡಿಸುತ್ತಿತ್ತು. ಬಿಚ್ಚಿ ಇಳಿಸೋಣ ಅಂದರೆ ಅಂಚಿನಲ್ಲಿ ಅರ್ಧ ಇಂಚೂ ಉಳಿಸಿರಲಿಲ್ಲ. ಕೊನೆಗೆ ಕಪ್ಪು ವೆಲ್ವೆಟ್ ಪಟ್ಟಿ ಕೂಡಿಸಿದೆ. ನೋಡಿದವರೆಲ್ಲ ಅದನ್ನೇ ಹೊಗಳಿದರು, ನನಗೆ ಉರಿ!

ಪುಕ್ಕಟೆ ಪ್ಯಾಟರ್ನ್ ಹಿಂದೆ ಬೀಳಬೇಡಿ. ಇಂಟರ್ನೆಟ್ ಆರ್ಕೈವ್ ಅನ್ನೋ ಜಾಲತಾಣದಲ್ಲಿ ಆಗಿನ ಹೊಲಿಗೆ ಪುಸ್ತಕಗಳ ಸ್ಕ್ಯಾನ್ ಇವೆ, ನೋಡೋಕೆ ಚಂದ, ಹೊಸಬರಿಗೆ ತಲೆನೋವು. ಆ ಕಾಲದ ಅಸಲಿ ಕಾಗದದ ಪ್ಯಾಟರ್ನ್ ಅಂತೂ ಬೇಡವೇ ಬೇಡ. ಪ್ಯಾಕೆಟ್‌ಗೆ ಒಂದೇ ಸೈಜು, ಗೆರೆ ಇಲ್ಲ, ಗುರುತಿಗೆ ಬರೀ ತೂತು. ದುಡ್ಡು ಕೊಟ್ಟು ‘ಟ್ರೂಲಿ ವಿಕ್ಟೋರಿಯನ್’ ಅನ್ನೋ ಪ್ಯಾಟರ್ನ್ ಕಂಪನಿಯಿಂದ ತಗೊಳ್ಳಿ. ಹೆಸರಲ್ಲಿ ಅದಕ್ಕೂ ಹಿಂದಿನ ವಿಕ್ಟೋರಿಯನ್ ಕಾಲ ಇದ್ದರೂ ಎಡ್ವರ್ಡಿಯನ್ ಸ್ಕರ್ಟ್, ಬ್ಲೌಸ್, ಕಾರ್ಸೆಟ್ ಎಲ್ಲದರ ಪ್ಯಾಟರ್ನ್ ಇದೆ. ಸುಮ್ನೆ ‘ಎಡ್ವರ್ಡಿಯನ್’ ಅಂತ ಹುಡುಕಿದರೆ ಮೋಸ ಹೋಗುತ್ತೀರಿ, ವರ್ಷ ನೋಡಿ. 1905ರಲ್ಲಿ ಬ್ಲೌಸ್ ಪಾರಿವಾಳದ ಎದೆ ಥರ ಉಬ್ಬಿರುತ್ತಿತ್ತು, 1911ರ ಹೊತ್ತಿಗೆ ಸೊಂಟ ಮೇಲೇರಿ ಸ್ಕರ್ಟ್ ಕಿರಿದಾಗಿತ್ತು.

ಕಾರ್ಸೆಟ್ ಮುಗಿಸಿ, ಲಂಗ, ಮೆತ್ತೆ ಎಲ್ಲ ತೊಟ್ಟು, ಬೇರೆಯವರ ಕೈಲಿ ಅಳತೆ ತೆಗೆಸಿ. ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ನೋಡಿ. ಹಿಂದಿನ ಅಂಚಿಗೆ ಮೂರು ಇಂಚು ಜಾಸ್ತಿನೇ ಬಿಡಿ.