ಹನ್ನೆರಡು ವರ್ಷ ಸೈಟಿನಲ್ಲಿ ಕಳೆದವರು ಈಗ ಏನು ಓದಬೇಕು?

ಪ್ರಶ್ನೆ: ಸಿವಿಲ್ ಡಿಪ್ಲೊಮಾ ಮುಗಿಸಿ ಹನ್ನೆರಡು ವರ್ಷಗಳಿಂದ ಸೈಟ್ ಎಂಜಿನಿಯರ್ ಆಗಿದ್ದೇನೆ. ವಯಸ್ಸು 34. ಸಾಫ್ಟ್‌ವೇರ್ ಬಲ್ಲ ಹೊಸ ಹುಡುಗರು ನನ್ನನ್ನು ದಾಟಿ ಹೋಗುತ್ತಿದ್ದಾರೆ. ದೂರಶಿಕ್ಷಣದಲ್ಲಿ ಬಿ.ಇ. ಕೊಡಿಸುತ್ತೇವೆ ಎಂದು ಒಬ್ಬರು ಹಿಂದೆ ಬಿದ್ದಿದ್ದಾರೆ. ಅದಕ್ಕೆ ಸೇರಲೇ, ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ಇಟ್ಯಾಬ್ಸ್ ಕಲಿಯಲೇ? ಕೆಲಸ ಬಿಟ್ಟು ಓದುವ ಸ್ಥಿತಿಯಲ್ಲಿಲ್ಲ.
– ಓದುಗರು, ದಾವಣಗೆರೆ

ಉತ್ತರ: ದೂರಶಿಕ್ಷಣದ ಬಿ.ಇ.ಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಹೀಗೆ ಹಂಚಿದ ಎಂಜಿನಿಯರಿಂಗ್ ಪದವಿಗಳ ವಿರುದ್ಧ 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆ ಪದವಿ ನಂಬಿ ಬಡ್ತಿ ಪಡೆದವರು ಪಟ್ಟ ಪಾಡು ನಿಮಗೆ ಬೇಡ.

ಇಟ್ಯಾಬ್ಸ್ ಕಲಿಯಿರಿ, ಆದರೆ ಅವಸರ ಬೇಡ. ಭಾರವನ್ನು ತಪ್ಪಾಗಿ ತುಂಬಿದರೂ ಅದು ಬಣ್ಣಬಣ್ಣದ ಚಿತ್ರದೊಂದಿಗೆ ಉತ್ತರ ಕೊಡುತ್ತದೆ. ಒಂದು ಸಾದಾ ಬೀಮ್‌ನ ಬೆಂಡಿಂಗ್ ಮೊಮೆಂಟನ್ನು (ಭಾರವು ಬೀಮನ್ನು ಬಾಗಿಸುವ ಪರಿಣಾಮ) ಕಾಗದದ ಮೇಲೆ ಲೆಕ್ಕ ಹಾಕಿ ತಾಳೆ ನೋಡಲು ಬಾರದವರು ಅದನ್ನು ಮುಟ್ಟದಿರುವುದೇ ಕ್ಷೇಮ.

ನಿಮ್ಮ ಓದು ಸೈಟಿನ ಕ್ಯೂಬ್ (ಬಲ ಪರೀಕ್ಷೆಗೆ ಅಚ್ಚು ಹಾಕಿದ ಕಾಂಕ್ರೀಟ್ ಘನ) ರಿಜಿಸ್ಟರ್‌ನಿಂದ ಶುರುವಾಗಲಿ. ಕ್ಯೂಬ್ ತುಂಬಿಸುವುದು, 7ನೇ ದಿನ, 28ನೇ ದಿನ ಒಡೆಸುವುದು, ಬಂದ ಅಂಕಿಯನ್ನು ಬಿಲ್ಲಿಗೆ ಲಗತ್ತಿಸಿ ಮರೆಯುವುದು ಎಲ್ಲ ಕಡೆಯ ವಾಡಿಕೆ. ಎಂ-25 ಕಾಂಕ್ರೀಟಿಗೆ ಚದರ ಮಿ.ಮೀ.ಗೆ 25 ನ್ಯೂಟನ್ ಬಲ ಬಂದರೆ ಸಾಕಲ್ಲ, ಮಿಕ್ಸ್ ಡಿಸೈನ್ (ಸಿಮೆಂಟ್, ಮರಳು, ಜಲ್ಲಿ, ನೀರಿನ ಪ್ರಮಾಣ ನಿಗದಿ) ವರದಿಯಲ್ಲಿ 31.6ರ ಗುರಿ ಏಕಿರುತ್ತದೆ ಎಂದು ಎಂದಾದರೂ ಕೇಳಿಕೊಂಡಿದ್ದೀರಾ? ನೂರು ಫಲಿತಾಂಶಗಳಲ್ಲಿ ಐದಕ್ಕಿಂತ ಹೆಚ್ಚು 25ರ ಕೆಳಗೆ ಇಳಿಯಬಾರದು ಎಂಬುದು ನಿಯಮ. ಅದಕ್ಕಾಗಿ ಸ್ಟ್ಯಾಂಡರ್ಡ್ ಡೀವಿಯೇಶನ್ (ಫಲಿತಾಂಶಗಳು ಸರಾಸರಿಯ ಆಚೀಚೆ ಎಷ್ಟು ಚದುರಿವೆ ಎಂಬ ಅಳತೆ) 4 ಎಂದು ಹಿಡಿದು, 1.65ರಿಂದ ಗುಣಿಸಿ, 25ಕ್ಕೆ ಕೂಡುತ್ತಾರೆ. ಆ 4 ಕೋಷ್ಟಕದ ಅಂದಾಜು ಮಾತ್ರ. ನಿಮ್ಮ ಸೈಟಿನದು ಎಷ್ಟು? ಒಂದೇ ಮಿಕ್ಸಿನ 30 ಫಲಿತಾಂಶ ಸೇರಿದರೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ನೀವೇ ಲೆಕ್ಕ ಹಾಕಬಹುದು. ಎಕ್ಸೆಲ್‌ನಲ್ಲಿ ಅರ್ಧ ಗಂಟೆಯ ಕೆಲಸ. 4ಕ್ಕಿಂತ ಹೆಚ್ಚು ಬಂದರೆ ಕಾರಣ ಹುಡುಕಿ. ಮಳೆಗೆ ನೆನೆದ ಮರಳಿನ ತೇವವನ್ನು ಮಿಕ್ಸಿನ ನೀರಿನಿಂದ ಯಾರೂ ಕಳೆದಿಲ್ಲವೇ? ಕ್ಯೂಬ್ ತುಂಬಿಸುವಾಗ ಸರಿಯಾಗಿ ಕುಟ್ಟಿಲ್ಲವೇ? ಲಾರಿ ಬಂದ ಮೇಲೆ ಗಟ್ಟಿಯಾಗಿದೆ ಎಂದು ನೀರು ಬಿಟ್ಟರೇ? (ಪೈಪ್ ಕಂಡರೆ ಕೆಲವು ಮೇಸ್ತ್ರಿಗಳ ಕೈ ತುರಿಸುತ್ತದೆ.)

ಈ ಪ್ರಶ್ನೆಗಳನ್ನು ಇಟ್ಟುಕೊಂಡು ಮಿಕ್ಸ್ ಡಿಸೈನ್‌ನ ಮಾನಕ ಐಎಸ್ 10262 ಓದಿ. ಡಿಪ್ಲೊಮಾದಲ್ಲಿ ನೀವು ಓದಿದ್ದು 2009ರ ಆವೃತ್ತಿ; 2019ರಲ್ಲಿ ಅದು ಬದಲಾಗಿದೆ. ಭೂಕಂಪದ ಐಎಸ್ 1893 ಮತ್ತು ಕಂಬಿ ಕಟ್ಟುವ ವಿವರಗಳ ಐಎಸ್ 13920 ಎರಡೂ 2016ರಲ್ಲಿ ಪರಿಷ್ಕೃತವಾದವು. ಮಾನಕಗಳನ್ನು ಹೊರತರುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಜಾಲತಾಣದಲ್ಲಿ ಇವು ಉಚಿತವಾಗಿ ಸಿಗುತ್ತವೆ, ಆದರೂ ಸೈಟುಗಳಲ್ಲಿ ಹಳೆಯ ಜೆರಾಕ್ಸ್ ಪ್ರತಿಗಳೇ ಓಡಾಡುತ್ತಿರುತ್ತವೆ.

ಪಾಠ ಕೇಳಲು ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಕೋರ್ಸುಗಳ ತಾಣ ಎನ್‌ಪಿಟಿಇಎಲ್ ಇದೆ. ನೋಂದಣಿ ಉಚಿತ; ಪ್ರಮಾಣಪತ್ರ ಬೇಕಿದ್ದವರು ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಕಾಂಕ್ರೀಟ್ ತಂತ್ರಜ್ಞಾನದಿಂದ ಆರಂಭಿಸಿ. ಇಂಗ್ಲಿಷ್ ಉಪನ್ಯಾಸ ಮೊದಲ ವಾರ ಕಷ್ಟವೆನಿಸಬಹುದು, ವೇಗ ತಗ್ಗಿಸಿಕೊಂಡು ಕೇಳಿ. ಒಂದು ಅವಧಿಗೆ ಒಂದೇ ಕೋರ್ಸ್ ಸಾಕು. ನಾಲ್ಕಕ್ಕೆ ಹೆಸರು ಕೊಟ್ಟವರು ಒಂದನ್ನೂ ಮುಗಿಸುವುದಿಲ್ಲ.

ಪದವಿ ಬೇಡವೆಂದು ನಾನು ಹೇಳುತ್ತಿಲ್ಲ. ಸರ್ಕಾರದ ಸಹಾಯಕ ಎಂಜಿನಿಯರ್ ಹುದ್ದೆಗೆ ಅದು ಬೇಕೇ ಬೇಕು. ಉದ್ಯೋಗಸ್ಥರಿಗಾಗಿ ಸಂಜೆ ಬಿ.ಇ. ನಡೆಸುವ ಕಾಲೇಜು ನಿಮಗೆ ಓಡಾಡುವಷ್ಟು ದೂರದಲ್ಲಿದೆಯೇ ವಿಚಾರಿಸಿ, ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಮಾನ್ಯತೆಯನ್ನು ಅದರ ಜಾಲತಾಣದಲ್ಲಿ ನೀವೇ ನೋಡಿ. ಇಲ್ಲವಾದರೆ ಖಾಸಗಿ ಕಂಪನಿಗಳ ಗುಣಮಟ್ಟ ನಿಯಂತ್ರಣ ವಿಭಾಗದಲ್ಲಿ ಪ್ರಯತ್ನಿಸಿ. ಅಲ್ಲಿ ಡಿಪ್ಲೊಮಾದವರಿಗೂ ಜಾಗವಿದೆ. ಸಂದರ್ಶನಕ್ಕೆ ಹೋಗುವಾಗ ಆ 30 ಫಲಿತಾಂಶಗಳ ನಕ್ಷೆಯನ್ನು ಜೊತೆಗಿಟ್ಟುಕೊಳ್ಳಿ, ಸೈಟಿನ ಹೆಸರು ಮಾತ್ರ ಅದರಲ್ಲಿ ಇರದಿರಲಿ.